ಎಡಗೈ ಕತ್ತಿ

ಕ್ರಿಸ್‌ಮಸ್‌ಗೆ ಮೂರು ದಿನ ಉಳಿದಿರುವಾಗ ಕತ್‌ಬರ್ಟ್ ಲೆಂಗ್ ದೋಣಿ ಇಳಿಸುವ ಕಲ್ಲುಹಾಸಿನ ಮೇಲೆ ಜಾರಿ ಬಿದ್ದು ಪಾದದ ಮೂಳೆ ಮುರಿದುಕೊಂಡ. ಅವನು ನಮ್ಮ ತಂಡದ ಆರನೆಯವನು. ಸುದ್ದಿ ತಿಳಿದಾಗ ನಮ್ಮ ಕ್ಯಾಪ್ಟನ್ ಏಮಸ್ ಕೌಲಿಂಗ್ ನಮ್ಮನ್ನೆಲ್ಲ ಚರ್ಚಿನ ಸಭಾಂಗಣಕ್ಕೆ ಕರೆಸಿದರು.

ಯಾರ್ಕ್‌ಶೈರ್ ಕರಾವಳಿಯ ನಮ್ಮ ಸ್ಕಾರ್‌ವಿಕ್‌ನಲ್ಲಿ ಕತ್ತಿ ಕುಣಿತಕ್ಕೆ ಆರು ಜನ ಬೇಕೇ ಬೇಕು. ಒಬ್ಬೊಬ್ಬರೂ ಒಂದು ಕೈಯಲ್ಲಿ ತಮ್ಮ ಕತ್ತಿಯ ಹಿಡಿ, ಇನ್ನೊಂದರಲ್ಲಿ ಪಕ್ಕದವನ ಕತ್ತಿಯ ತುದಿ ಹಿಡಿದು ವೃತ್ತ ಕಟ್ಟುತ್ತೇವೆ. ಕುಣಿತದ ಕೊನೆಗೆ ಆರು ಮರದ ಕತ್ತಿಗಳು ಒಂದರ ಮೇಲೊಂದು, ಒಂದರಡಿ ಇನ್ನೊಂದು ಹೆಣೆದುಕೊಂಡು ನಕ್ಷತ್ರವಾಗಬೇಕು; ಕ್ಯಾಪ್ಟನ್ ಅದನ್ನು ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿಯಬೇಕು. ಗಂಟಿಲ್ಲ, ಮೊಳೆಯಿಲ್ಲ. ಒಂದು ಕತ್ತಿ ತಪ್ಪಿದರೂ ಆರೂ ನೆಲಕ್ಕೆ. ಏಮಸ್ ಆ ನಕ್ಷತ್ರವನ್ನು ಮೂವತ್ತೊಂದು ವರ್ಷ, ಕ್ರಿಸ್‌ಮಸ್‌ನ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ, ಒಮ್ಮೆಯೂ ತಪ್ಪದೆ ಎತ್ತಿದ್ದರು.

ಅದೇ ಸಂಜೆ ಕೆಲ್ಡ್‌ಬಿಯಿಂದ ಫೋನ್ ಬಂತು. ಅಲ್ಲಿಯ ತಂಡದ ಕ್ಯಾಪ್ಟನ್ ಸೆತ್ ಅಂಪಲ್‌ಬಿ.

"ಒಬ್ಬ ಕಡಿಮೆಯಂತಲ್ಲಪ್ಪಾ ಏಮಸ್? ನಾನೇ ಬರ್ತೀನಿ ಬಿಡು. ನೆರೆಯೂರಿನವರು ಇರೋದ್ಯಾಕೆ ಮತ್ತೆ?"

ಆ ಧ್ವನಿಯಲ್ಲಿ ಜೇನು ತೊಟ್ಟಿಕ್ಕುತ್ತಿತ್ತು. ಒಳನಾಡಿನ ಕೆಲ್ಡ್‌ಬಿಯವರು ಉಕ್ಕಿನ ಕತ್ತಿಯನ್ನು ಬಲಗೈಯಲ್ಲಿ ಹಿಡಿಯುತ್ತಾರೆ. ಮೀನುಗಾರರಾದ ನಾವು ಮರದ ಕತ್ತಿಯನ್ನು ಎಡಗೈಯಲ್ಲಿ. ಯಾವುದು ಸರಿ ಎಂಬ ಜಗಳಕ್ಕೆ ನಮ್ಮ ಅಜ್ಜಂದಿರಷ್ಟು ವಯಸ್ಸು. ಕೆಲ್ಡ್‌ಬಿಯವನೊಬ್ಬ ನಮ್ಮ ವೃತ್ತದಲ್ಲಿ ನಿಂತನೆಂದರೆ, ಮುಂದಿನ ಐವತ್ತು ವರ್ಷ ಅವರಿಗೆ ಬೇರೆ ಮಾತೇ ಬೇಡ.

"ಬೇಕಾದ್ರೆ ಹೇಳ್ತೀನಿ, ಸೆತ್" ಎಂದು ಏಮಸ್ ಬಹು ಮರ್ಯಾದೆಯಿಂದ ಫೋನ್ ಇಟ್ಟರು. ಅನಂತರ ನಮ್ಮತ್ತ ತಿರುಗಿದರು. "ಅವನ ಜೊತೆ ಕುಣಿಯೋ ಬದಲು ಈ ಕುರ್ಚಿ ಜೊತೆ ಕುಣೀತೀನಿ. ಆದ್ರೆ ನಕ್ಷತ್ರ ಏಳದೇ ಹೋದ್ರೆ? ಅದಕ್ಕಿಂತ ಅವನೇ ವಾಸಿ. ಏನ್ಮಾಡ್ಲಿ ಹೇಳ್ರಪ್ಪ."

ಚರ್ಚಿನ ಸಭಾಂಗಣದ ಮೂಲೆಯಲ್ಲಿ ಅಕಾರ್ಡಿಯನ್ ನೆಲಕ್ಕಿಟ್ಟ ಸದ್ದಾಯಿತು. ಹತ್ತೊಂಬತ್ತು ವರ್ಷದಿಂದ ನಮಗೆ ನುಡಿಸುತ್ತಿದ್ದ ಹೆಸ್ಟರ್ ಮೇನ್‌ಪ್ರೈಜ್ ಎದ್ದು ನಿಂತಿದ್ದಳು. ಏಡಿ ಹಿಡಿಯುವ ಬುಟ್ಟಿಗಳಿಗೆ ಬಲೆ ನೇಯುವುದು ಅವಳ ಕಸುಬು.

"ನಾನು ಕುಣೀಲಾ, ಕ್ಯಾಪ್ಟನ್? ಇಷ್ಟು ವರ್ಷ ನಿಮ್ಮೆಲ್ಲರ ಮುಖ ನೋಡ್ಕೊಂಡು ಕೂತಿದ್ದೀನಿ. ಯಾರು ಎಲ್ಲಿ ತಪ್ತೀರಿ ಅಂತ ನಿಮಗಿಂತ ಚೆನ್ನಾಗಿ ನಂಗೊತ್ತು."

"ಮತ್ತೆ ನುಡಿಸೋರ್ಯಾರು?"

"ಕತ್‌ಬರ್ಟ್. ಮುರಿದಿರೋದು ಕಾಲು, ಬಾಯಲ್ಲವಲ್ಲ! ಮೌತ್ ಆರ್ಗನ್ ಊದ್ಲಿ."

ಏಮಸ್ ಕತ್ತಿ ಚಾಚಿದರು. ಹೆಸ್ಟರ್ ಬಲಗೈಯಲ್ಲಿ ಹಿಡಿದಳು.

"ಅಯ್ಯಯ್ಯೋ! ಕೆಲ್ಡ್‌ಬಿಯವರು ಆಗ್ಲೇ ಬಂದ್ಬಿಟ್ರು ಕಣ್ರೋ!" ಎಂದು ಒಬ್ಬ ಕೂಗಿದ. ನಕ್ಕು ನಕ್ಕು ನಮ್ಮ ಹೊಟ್ಟೆ ಹಿಡಿದುಕೊಂಡಿತು.

ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಹೆಸ್ಟರ್ ಕತ್ತಿಯನ್ನು ಎಡಗೈಗೆ ಬದಲಿಸಿಕೊಂಡಳು, ಹೆಜ್ಜೆಗಳು ಚೊಕ್ಕವಾಗಿದ್ದವು. ನಕ್ಷತ್ರ ಹೆಣೆಯುವ ಗಳಿಗೆ ಬಂದೊಡನೆ ಮಾತ್ರ ಆರೂ ಕತ್ತಿಗಳು ದಡದಡನೆ ಉರುಳಿದವು. ಮತ್ತೆ ಹೆಣೆದೆವು, ಮತ್ತೆ ಬಿದ್ದವು. ಎದುರು ಕುಳಿತು ಕಲಿತವಳಿಗೆ ಕುಣಿತವೆಲ್ಲ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಮನಸ್ಸಿನಲ್ಲಿ ಕೂತಿತ್ತು. ಎಡಗೈ ಬಲಗೈಯ ಮೇಲೆ ಹಾಯಬೇಕಾದಲ್ಲಿ ಅವಳದು ಕೆಳಗೆ ನುಸುಳುತ್ತಿತ್ತು. ಎದುರಿನವನನ್ನು ನೋಡಿದಳೋ, ತಪ್ಪಿದಳು.

ಮರುದಿನವೂ ಅದೇ ಕಥೆ. ಆರನೆಯ ಸಲ ಬಿದ್ದಾಗ ಏಮಸ್ ಚಹಾ ಕುಡಿಯೋಣವೆಂದರು. ಹೆಸ್ಟರ್ ಬೆಂಚಿನ ಮೇಲೆ ಕುಳಿತು, ಚೀಲದಿಂದ ಅರ್ಧ ನೇಯ್ದ ಬಲೆಯನ್ನು ತೆಗೆದು, ಕಾಲಿಗೆ ಪಟ್ಟಿ ಕಟ್ಟಿಕೊಂಡು ಊದಲು ಬಂದಿದ್ದ ಕತ್‌ಬರ್ಟನನ್ನು ಬೈಯತೊಡಗಿದಳು: "ನಿನ್ನ ಹಾಡೇನು ರೈಲು ಹಿಡಿಯೋಕೆ ಓಡ್ತಿದ್ಯಾ, ಮಾರಾಯಾ?" ಬೈಗುಳ ಬಾಯಿಂದ ಬರುತ್ತಲೇ ಇತ್ತು, ಕೈಗಳು ಗಂಟಿನ ಮೇಲೆ ಗಂಟು ಹಾಕುತ್ತಲೇ ಇದ್ದವು.

ಏಮಸ್ ಲೋಟ ಕೆಳಗಿಟ್ಟರು. "ಹೆಸ್ಟರ್, ನೇಯೋವಾಗ ನೀನು ಬಲೆ ಕಡೆ ನೋಡೋದೇ ಇಲ್ವಾ?"

"ನೋಡಿದ್ರೆ ತಪ್ಪುತ್ತೆ. ನಾನು ಟೀವಿ ನೋಡ್ಕೊಂಡು ನೇಯೋದು."

"ಏಳು ತಾಯಿ. ಕಣ್ಣು ಮುಚ್ಕೊಂಡು ಹೆಣೆ."

ನಕ್ಷತ್ರ ನಿಂತಿತು! ನಾವು ಕೂಗಿದೆವು. ಇನ್ನೊಮ್ಮೆ ಮಾಡಿದೆವು, ಬಿತ್ತು. ಮೂರನೆಯ ಸಲ ನಿಂತಿತು; ನಾಲ್ಕನೆಯ ಸಲ ಬಿತ್ತು. ಅಷ್ಟರಲ್ಲಿ ಹಬ್ಬಕ್ಕೆಂದು ಸಭಾಂಗಣದ ಬಾಗಿಲು ಹಾಕುವ ಹೊತ್ತಾಯಿತು.

ಕ್ರಿಸ್‌ಮಸ್‌ನ ಮರುದಿನ ಸಮುದ್ರದ ಗಾಳಿ ಟೋಪಿಗಳನ್ನು ಕಿತ್ತೊಯ್ಯುವಂತಿತ್ತು. ಪಬ್ಬಿನ ಮುಂದೆ ಊರೆಲ್ಲ ನೆರೆದಿತ್ತು. ಮುಂದಿನ ಸಾಲಿನಲ್ಲಿ, ತನ್ನ ತಂಡದ ಕೆಂಪು ಕೋಟು ತೊಟ್ಟು ಸಿದ್ಧನಾಗಿ, ಸೆತ್ ಅಂಪಲ್‌ಬಿ.

"ಕರೆದ್ರೆ ಬಂದೆ ಅಂತ ಇಟ್ಕೋ" ಎಂದ.

"ಕರೆದಾಗ ಇಟ್ಕೋತೀನಿ" ಎಂದರು ಏಮಸ್. ನೀಲಿ ಉಣ್ಣೆಯ ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಕತ್ತಿ ಕೈಗೆತ್ತಿಕೊಂಡರು.

ಗಂಟೆ ಹನ್ನೆರಡು ಹೊಡೆಯಿತು. ಕತ್‌ಬರ್ಟ್ ಕುರ್ಚಿಯ ಮೇಲೆ ಕಾಲು ಚಾಚಿ ಊದತೊಡಗಿದ, ಎಂದಿಗಿಂತಲೂ ಜೋರಾಗಿ. ವೃತ್ತ ತಿರುಗಿತು; ಕತ್ತಿಗಳ ಕೆಳಗೆ ನುಸುಳಿದೆವು, ಮೇಲೆ ಹಾರಿದೆವು. ಹೆಸ್ಟರ್ ಒಂದು ಹೆಜ್ಜೆಯನ್ನೂ ತಪ್ಪಲಿಲ್ಲ. ಕೊನೆಗೆ ಆರೂ ಜನ ಒಳಮುಖವಾಗಿ ಒತ್ತಿ ನಿಂತೆವು.

ನಾನು ಅವಳ ಪಕ್ಕದವನು. ನನ್ನ ಕತ್ತಿಯ ತುದಿ ಅವಳ ಬಲಗೈಯಲ್ಲಿತ್ತು. ಅವಳು ಕಣ್ಣು ಮುಚ್ಚಿದಳು. ಆ ಕೈ ಮೇಲಕ್ಕೆ ಜರುಗಿತು. ತಪ್ಪು! ಹೇಳಿಬಿಡಲೇ? ಹೇಳಿದರೆ ಕಣ್ಣು ಬಿಡುತ್ತಾಳೆ. ಕಣ್ಣು ಬಿಟ್ಟರೆ ಮುಗಿಯಿತು. ಕೈ ಗಾಳಿಯಲ್ಲಿ ತಡೆಯಿತು, ಎಳೆ ಹುಡುಕುವಂತೆ ಬೆರಳುಗಳು ಆಡಿದವು. ಮರುಕ್ಷಣ ಅದು ಕೆಳಗಿಳಿಯಿತು, ಎಡಗೈ ಅದರ ಮೇಲೆ ಹಾಯಿತು. ಮರಕ್ಕೆ ಮರ ತಗುಲಿ ಟಕ್ಕೆಂದಿತು.

ಏಮಸ್ ಕತ್ತಿಯೊಂದನ್ನು ಹಿಡಿದು ಎತ್ತಿದರು. ಗಾಳಿಗೆ ನಕ್ಷತ್ರ ಒಮ್ಮೆ ಓಲಾಡಿತು. ಹೆಸ್ಟರಳ ಕತ್ತಿ ಒಂದು ಬೆರಳಿನಷ್ಟು ಜಾರಿತು. ಅಲ್ಲಿಯೇ ನಿಂತಿತು.

ಜನರ ಕೇಕೆ ಬಂದರಿನ ಹಕ್ಕಿಗಳನ್ನೆಲ್ಲ ಎಬ್ಬಿಸಿತು.

"ಬಿತ್ತಾ?" ಎಂದಳು ಹೆಸ್ಟರ್, ಇನ್ನೂ ಕಣ್ಣು ಮುಚ್ಚಿಕೊಂಡೇ. "ಯಾಕೆ ಕೂಗ್ತಿದ್ದಾರೆ? ಬಿತ್ತಾ?"

"ಕಣ್ಣು ಬಿಡೇ ಮಹಾರಾಯ್ತಿ!" ಎಂದೆ.

ಅವಳು ಕತ್ತೆತ್ತಿ ನೋಡಿದಳು. ಆಕಾಶಕ್ಕೆತ್ತಿದ ನಕ್ಷತ್ರವನ್ನು ಅಡಿಯಿಂದ ನೋಡಿದ್ದು ಅವಳಿಗೆ ಅದೇ ಮೊದಲು. ಬಾಯಿ ತೆರೆದು ನಿಂತುಬಿಟ್ಟಳು.

ಸೆತ್ ಕೆಂಪು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತ, "ಗಟ್ಟಿಯಾಗಿದೆ, ಇಲ್ಲ ಅನ್ನಲ್ಲ" ಎಂದ. "ಆದ್ರೂ ತಪ್ಪು ಕೈ ಕಣಯ್ಯಾ."

ಏಮಸ್ ನಕ್ಷತ್ರವನ್ನು ಇನ್ನೂ ಎತ್ತರಕ್ಕೆ ಹಿಡಿದರು. ಹಾಡು ಮುಗಿಯಿತು. ಕತ್‌ಬರ್ಟ್ ಏಮಸರ ಮುಖ ನೋಡಿ, ಮತ್ತೆ ಮೊದಲಿನಿಂದ ಊದತೊಡಗಿದ.

"ಇಳಿಸಿ ಕ್ಯಾಪ್ಟನ್" ಎಂದೆ ನಾನು. "ಕೈ ನಡುಗ್ತಿದೆ ನಿಮ್ದು."

"ನಡುಗ್ಲಿ ಬಿಡೋ" ಎಂದರು ಏಮಸ್.