ಊರಿಗೆ ಹೋಗುವವರ ಪಟ್ಟಿ

ನೈರೋಬಿಯ ಕನ್ನಡದವರು ತಿಂಗಳಿಗೊಮ್ಮೆ ಸೇರುವುದು ಭಜನೆಗೆ ಎಂದು ಹೇಳಿಕೊಳ್ಳುತ್ತಿದ್ದರು. ಸುಳ್ಳು. ಸೇರುತ್ತಿದ್ದದ್ದು ಲಗೇಜಿಗೆ. ಪಾರ್ಕ್‌ಲ್ಯಾಂಡ್ಸ್‌ನ ದೇವಸ್ಥಾನದ ಹಿಂದಿನ ಹಾಲ್‌ನಲ್ಲಿ ಮಂಗಳಾರತಿ ಮುಗಿದು, ಬಿಸಿಬೇಳೆಬಾತಿನ ಮುಚ್ಚಳ ತೆಗೆಯುವ ಮೊದಲು, ಸಂಘದ ಕಾರ್ಯದರ್ಶಿ ಒಂದು ಹಾಳೆ ಹಿಡಿದು ಎದ್ದು ನಿಲ್ಲಬೇಕು. ಈ ತಿಂಗಳು ಬೆಂಗಳೂರಿಗೆ ಯಾರು ಹೋಗುತ್ತಾರೆ, ಯಾವಾಗ ವಾಪಸ್ಸು, ಪೆಟ್ಟಿಗೆಯಲ್ಲಿ ಎಷ್ಟು ಕಿಲೋ ಜಾಗವಿದೆ. ಹೆಸರು ಓದಿದ ಕೂಡಲೇ ಕೈಗಳು ಮೇಲೇಳುತ್ತಿದ್ದವು. ಒಬ್ಬರಿಗೆ ಕಾಫಿಪುಡಿ ಬರಬೇಕು, ಇನ್ನೊಬ್ಬರ ಅಮ್ಮನಿಗೆ ಸ್ವೆಟರ್ ಹೋಗಬೇಕು. ದೇವರಿಗೆ ಮುಗಿಯದ ಕೈಗಳೂ ಆಗ ಮೇಲಿರುತ್ತಿದ್ದವು.

ಆ ಕಾರ್ಯದರ್ಶಿ, ಈ ಪದ್ಧತಿ ಶುರುಮಾಡಿದವನೂ, ಇಂದುವಿನ ಗಂಡ ಪುರುಷೋತ್ತಮ. ಒಂದು ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕೆಂದು ಎರಡು ಸಾವಿರದ ಒಂದರಲ್ಲಿ ಹೆಂಡತಿ, ಮಗಳೊಂದಿಗೆ ಬಂದವನು. ನಿಯಮವನ್ನೂ ಅವನೇ ಮಾಡಿದ್ದ: ವಿಳಾಸವಿಲ್ಲದ ಪೊಟ್ಟಣ ತೆಗೆದುಕೊಳ್ಳುವ ಹಾಗಿಲ್ಲ. "ಗುರುತು ಹೇಳಿ, ಆಟೋದವನಿಗೆ ಹೇಳಕ್ಕೆ" ಎಂದು ಪೀಡಿಸಿ, ಪಕ್ಕದ ಹಾಲಿನ ಬೂತು, ಎದುರಿನ ಟೈಲರ್ ಅಂಗಡಿ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಬೆಂಗಳೂರಿನ ಅರ್ಧ ಗಲ್ಲಿಗಳು ಅವನ ತಲೆಯಲ್ಲಿದ್ದವು.

ಆ ತಲೆಗೇ ಪೆಟ್ಟು ಬಿತ್ತು. ಎರಡು ಸಾವಿರದ ನಾಲ್ಕರ ಆಗಸ್ಟಿನಲ್ಲಿ, ಲಂಗಾಟಾ ರಸ್ತೆಯಲ್ಲಿ, ಜನ ತುಂಬಿಕೊಂಡು ಓಡುತ್ತಿದ್ದ ಮಟಾಟು ವ್ಯಾನೊಂದು ಅವನ ಕಾರಿಗೆ ಗುದ್ದಿತು. ತಲೆಬುರುಡೆ ತೆರೆದು ಹೆಪ್ಪುಗಟ್ಟಿದ ರಕ್ತ ತೆಗೆದರು. ಹನ್ನೊಂದು ದಿನದ ಮೇಲೆ ಕಣ್ಣು ಬಿಟ್ಟ. ಜೀವ ಉಳಿಯಿತಲ್ಲ, ಅಷ್ಟು ಸಾಕು ಎಂದು ಎಲ್ಲರೂ ಇಂದುವಿನ ಕೈ ಹಿಡಿದು ಹೇಳಿದರು. ಉಳಿದವನು ಯಾರು ಎಂಬುದು ಮನೆಗೆ ಕರೆತಂದ ಮೇಲೆ ಅವಳಿಗೆ ತಿಳಿಯತೊಡಗಿತು.

ಅಣ್ಣನ ಫೋನ್ ನಂಬರು ಬಾಯಿಪಾಠವಿತ್ತು, ಮಗಳ ಸ್ಕೂಲಿನ ಹೆಸರು ಹೋಗಿತ್ತು. ನೆನಪಿನಲ್ಲಿ ಅಲ್ಲೊಂದು ಇಲ್ಲೊಂದು ತೂತು. ಎಲ್ಲೆಲ್ಲಿ ಎಂದು ಅವನಿಗೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಮದುವೆಯಾದ ಹೊಸತರಲ್ಲಿ ತಾವಿದ್ದ ಹನುಮಂತನಗರದ ಮಹಡಿ ಮನೆಯ ಮುಂದೆ, ಹೊಂಗೆ ಮರದಡಿ ಸ್ಕೂಟರ್ ನಿಲ್ಲಿಸಿ, "ಇಂದೂ, ಕಾಫಿ" ಎಂದು ಬೀದಿಯಿಂದಲೇ ಕೂಗುತ್ತಿದ್ದವನು ಈಗ ಗೋಡೆ ಕಡೆ ತಿರುಗಿ ಮಲಗಿದರೆ ಮಧ್ಯಾಹ್ನ ದಾಟಿದರೂ ಏಳುತ್ತಿರಲಿಲ್ಲ. "ಆವತ್ತೇ ಮುಗಿದಿದ್ರೆ ನಿಂಗೂ ಸುಲಭ ಆಗಿರೋದು" ಎಂದು ಒಂದು ದಿನ ಅನ್ನ ಕಲಸುತ್ತಾ ಹೇಳಿದ. ಇಂದು ಸಾರು ಬಡಿಸಿದಳು.

ಬ್ಯಾಂಕು ಎಂಟು ತಿಂಗಳು ಕಾದು ಮರ್ಯಾದೆಯಿಂದಲೇ ಬಿಡುಗಡೆ ಮಾಡಿತು. ಇಂದು ಹತ್ತಿರದ ಸ್ಕೂಲಿನಲ್ಲಿ ಲೆಕ್ಕದ ಟೀಚರ್ ಆದಳು. ಸಂಘದವರು ಮಾತ್ರ ಅವನ ಕೈಯಿಂದ ಪಟ್ಟಿ ಕಿತ್ತುಕೊಳ್ಳಲಿಲ್ಲ. ತಿಂಗಳಿಗೊಂದು ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನಿಧಾನವಾಗಿಯಾದರೂ ತಪ್ಪಿಲ್ಲದೆ ಓದುತ್ತಿದ್ದ. ಆ ಐದು ನಿಮಿಷ ಇಂದು ಅವನನ್ನು ಕಣ್ತುಂಬ ನೋಡುತ್ತಿದ್ದಳು. ಮಿಕ್ಕ ತಿಂಗಳನ್ನು ಅವಳು ತಳ್ಳುತ್ತಿದ್ದದ್ದು ಅದರ ಬಲದ ಮೇಲೆ.

ಜನ ವಿಚಾರಿಸಿದರೆ "ಮೈಗ್ರೇನ್" ಎನ್ನುತ್ತಿದ್ದಳು. ಗಂಡ ಖಿನ್ನತೆಯಿಂದ ನರಳುತ್ತಿದ್ದಾನೆ ಎಂದರೆ ಹುಚ್ಚು ಎಂದುಕೊಂಡುಬಿಡುತ್ತಾರೆ. ತಲೆನೋವು ಮರ್ಯಾದಸ್ಥ ಕಾಯಿಲೆ, ಎಲ್ಲರ ಮನೆಯಲ್ಲೂ ಇರುತ್ತದೆ. ಆಪರೇಷನ್ ಆದಾಗ ಡಾಕ್ಟರು ಆರು ವಾರಕ್ಕೆ ನೋವಿನ ಮಾತ್ರೆ ಕೊಟ್ಟಿದ್ದು ನಿಜ. ಅದು ಅಫೀಮಿನ ಜಾತಿಯದು, ಅಭ್ಯಾಸವಾದೀತು ಎಂದು ಅವರೇ ನಿಲ್ಲಿಸಿದ್ದರು. ನಿಂತಿದೆ ಎಂದೇ ಇಂದು ನಂಬಿದ್ದಳು. ಎಷ್ಟೋ ಸಂಜೆ ಅವನ ಮುಖ ಸಡಿಲವಾಗಿ, ಮಗಳು ಪ್ರಣತಿಯ ಪಕ್ಕ ಕೂತು ಅವಳ ಡ್ರಾಯಿಂಗಿಗೆ ಬಣ್ಣ ತುಂಬುತ್ತಿದ್ದ. ದೇವರು ಕಣ್ಣು ಬಿಟ್ಟ ಎಂದುಕೊಳ್ಳುತ್ತಿದ್ದಳು ಪಾಪ.

ಎರಡು ಸಾವಿರದ ಆರರ ಫೆಬ್ರವರಿಯಲ್ಲಿ, ಹಾಲ್‌ನ ಅಡುಗೆಮನೆಯಲ್ಲಿ ಹೆಂಗಸರೆಲ್ಲ ತರಕಾರಿ ಹೆಚ್ಚುತ್ತಿದ್ದಾಗ, ಗೆಳತಿ ವಿಜಿ ಪಿಸುಗುಟ್ಟಿದಳು.

"ಇಂದು, ನಮ್ಮನೆಯವ್ರು ನಿಮ್ಮನೆಯವ್ರ ಮಾತ್ರೆ ತಂದಿದಾರೆ ಕಣೇ. ನಿಂಗೆ ಹೇಳ್ಬೇಡಿ, ಗಾಬರಿಯಾಗ್ತಾಳೆ ಅಂದಿದ್ರಂತೆ. ತಲೆನೋವಿನ ಮಾತ್ರೆಗೆ ಏನು ಗಾಬರಿ ಅಲ್ವಾ?"

ಕಾಯಿ ತುರಿಯುತ್ತಿದ್ದ ಜಯಾ ತಲೆಯೆತ್ತಿದಳು. "ಅಯ್ಯೋ, ಸಂಕ್ರಾಂತಿಲಿ ನಾವೂ ತಂದ್ಕೊಟ್ವಲ್ಲ. ನಮ್ಮತ್ತೆ ಚಟ್ನಿಪುಡಿ ಡಬ್ಬಿ ಜೊತೆ ಕಟ್ಟಿ ಕಳ್ಸಿದ್ರು."

"ದೀಪಾವಳಿಲಿ ನಮ್ಮಣ್ಣ ತಂದಿದ್ದ" ಎಂದಳು ಮತ್ತೊಬ್ಬಳು. ಕಷ್ಟದಲ್ಲಿರುವವರಿಗೆ ನೆರವಾದೆವಲ್ಲ ಎಂದು ಮೂವರಿಗೂ ಸಂತೋಷ. ಇಂದುವಿನ ಕೈಯಲ್ಲಿ ಬದನೆಕಾಯಿ ಹಾಗೇ ಉಳಿಯಿತು. ಪಟ್ಟಿ ಓದುವವನೇ, ಓದಿದ ಪ್ರತಿ ಹೆಸರಿನ ಹತ್ತಿರವೂ ಹೋಗಿ, ಗುಟ್ಟಾಗಿ ಕೇಳಿದ್ದ. ಪ್ರತಿ ಮನೆಯವರೂ ತಾವೊಬ್ಬರೇ ತರುತ್ತಿದ್ದೇವೆ ಎಂದುಕೊಂಡು ತಂದುಕೊಟ್ಟಿದ್ದರು. ತಲೆನೋವು ಎಂದು ಊರಿಗೆಲ್ಲ ಸಾರಿ, ಅವನಿಗೆ ಕೇಳಲು ದಾರಿ ಮಾಡಿಕೊಟ್ಟವಳು ಅವಳೇ.

ಮನೆಗೆ ಬಂದು ಹಳೆಯ ಲ್ಯಾಪ್‌ಟಾಪ್ ಬ್ಯಾಗು ಜಾಲಾಡಿದಾಗ ಖಾಲಿ ಸ್ಟ್ರಿಪ್‌ಗಳು ರಾಶಿಯಾಗಿ ಬಿದ್ದವು. ಪುರುಷೋತ್ತಮ ಜಗಳಾಡಲಿಲ್ಲ, ಮಂಚದ ತುದಿಯಲ್ಲಿ ಕೂತು ಅತ್ತ.

"ನೋವಿಗಲ್ಲ, ಇಂದೂ. ತಗೊಂಡ್ರೆ ಎರಡು ಗಂಟೆ ನಾನು ನಾನಾಗಿರ್ತೀನಿ. ಸಂಜೆ ಪಾಪು ಜೊತೆ ಕೂತ್ಕೋತೀನಲ್ಲ, ಅದು ಅದರಿಂದಾನೇ."

ಅವಳ ಪಾಲಿಗೆ ಉಳಿದಿದ್ದ ಒಳ್ಳೆಯ ಸಂಜೆಗಳೂ ಹೀಗೆ ಹೋದವು. ಇನ್ನು ಮುಟ್ಟುವುದಿಲ್ಲ ಎಂದು ಮಗಳ ತಲೆ ಮುಟ್ಟಿ ಹೇಳಿದ. ಹದಿನೈದು ದಿನಕ್ಕೆ ಹನ್ನೆರಡು ವರ್ಷದ ಆ ಮಗಳೇ ಸ್ಕೂಲಿಂದ ಬಂದು, ಬಚ್ಚಲಿನ ನೆಲದ ಮೇಲೆ ತುಟಿ ನೀಲಿಯಾಗಿ ಬಿದ್ದಿದ್ದವನನ್ನು ಕಂಡಳು. ಇಂದು ಆಸ್ಪತ್ರೆಗೆ ಓಡಿದಾಗ ಪ್ರಣತಿ ಬೆಂಚಿನ ಮೇಲೆ ಕೂತಿದ್ದಳು. "ಐ ಕೆಪ್ಟ್ ಕಾಲಿಂಗ್ ಹಿಮ್, ಅಮ್ಮಾ" ಎಂದಷ್ಟೇ ಹೇಳಿದಳು. ಅವನು ಬದುಕಿಕೊಂಡ. ಅಲಮೇರಾದ ಹಿಂದೆ ಮಾತ್ರೆಯ ಇನ್ನೂ ಒಂದು ಪೊಟ್ಟಣ ಸಿಕ್ಕಿತು, ಯಾರೋ ಪ್ರೀತಿಯಿಂದ ಹೊತ್ತು ತಂದದ್ದು.

ಅವನ ಬಾಯಿ ಕಟ್ಟುವುದು ಅವಳ ಕೈಯಲ್ಲಿರಲಿಲ್ಲ, ಸಂಘದವರ ಕೈ ಕಟ್ಟಬಹುದಿತ್ತು. ಯುಗಾದಿಯ ದಿನ, ಅವನಿನ್ನೂ ಮನೆಯಲ್ಲಿ ಮಲಗಿದ್ದಾಗ, ಇಂದು ಹಾಲ್‌ನಲ್ಲಿ ಮೈಕು ಕೇಳಿ ಪಡೆದಳು.

"ನಮ್ಮನೆಯವರಿಗೆ ಮೈಗ್ರೇನ್ ಅಲ್ಲ. ನಾನು ಸುಳ್ಳು ಹೇಳಿದೆ. ತಲೆಗೆ ಪೆಟ್ಟಾದ ಮೇಲೆ ಮನಸ್ಸು ಕುಸಿದುಹೋಗಿದೆ, ಮಾತ್ರೆ ಚಟ ಆಗಿದೆ. ದಯವಿಟ್ಟು ಇನ್ಮೇಲೆ ಯಾರೂ ಏನೂ ತಂದ್ಕೊಡ್ಬೇಡಿ. ಅವರೇ ಕೇಳಿದ್ರೂ ಕೊಡ್ಬೇಡಿ."

ಬೇವು ಬೆಲ್ಲ ಹಂಚುತ್ತಿದ್ದವರ ತಟ್ಟೆ ನಿಂತಿತು. ಯಾರೂ ಅವಳನ್ನು ಬೈಯಲಿಲ್ಲ. ಆದರೆ ಅಂದಿನಿಂದ ಫೋನುಗಳು ಕಡಿಮೆಯಾದವು.

ಬೆಂಗಳೂರಿನಲ್ಲಿದ್ದ ಪುರುಷೋತ್ತಮನ ಅಣ್ಣ ವಿಶ್ವನಾಥ, ಚಟ ಬಿಡಿಸುವ ಆಸ್ಪತ್ರೆಯಲ್ಲಿ ಆರು ತಿಂಗಳಿಗೆ ಏರ್ಪಾಡು ಮಾಡಿದರು. ಇಂದು ಕೆಲಸ ಬಿಟ್ಟು ಹೋಗುವಂತಿರಲಿಲ್ಲ. ಮನೆ ನಡೆಯುತ್ತಿದ್ದದ್ದೇ ಅದರಿಂದ. ವಿಜಿಯ ಗಂಡ ಅದೇ ವಿಮಾನದಲ್ಲಿ ಜೊತೆಗೆ ಹೋಗುವುದೆಂದಾಯಿತು. ಏಪ್ರಿಲ್ ಭಾನುವಾರ, "ಒಂದ್ಸಲ ನಾನೇ ಓದ್ತೀನಿ" ಎಂದ ಪುರುಷೋತ್ತಮ. ಹಾಳೆ ಅವನ ಕೈಗೇ ಬಂತು.

ಅಂಗಿ ದೊಗಲೆಯಾಗಿತ್ತು. ಸ್ಪಷ್ಟವಾಗಿ ಓದಿದ. ವಿಜಿಯ ಗಂಡನ ಹೆಸರಿಗೆ ಏಳು ಕೈಗಳು ಎದ್ದವು. ಒಂದೊಂದನ್ನೂ ಬರೆದುಕೊಂಡ. ಆಮೇಲೆ ಕೊನೆಯ ಸಾಲಿಗೆ ಬಂದ.

"ಪುರುಷೋತ್ತಮ. ಇಪ್ಪತ್ತೆರಡನೇ ತಾರೀಕು. ವಾಪಸ್ಸು ಇನ್ನೂ ಗೊತ್ತಿಲ್ಲ. ಇಪ್ಪತ್ತು ಕಿಲೋ ಜಾಗ ಇದೆ."

ಒಂದು ಕೈಯೂ ಏಳಲಿಲ್ಲ. ಜನ ನೆಲ ನೋಡಿದರು, ಮಕ್ಕಳ ಕಾಲರ್ ಸರಿಮಾಡಿದರು. ಅವನ ಕೈಯಲ್ಲಿ ಒಂದು ಕರವಸ್ತ್ರ ಕೊಟ್ಟು ಕಳಿಸುವ ನಂಬಿಕೆಯೂ ಯಾರಿಗೂ ಉಳಿದಿರಲಿಲ್ಲ, ಮತ್ತು ಆ ನಂಬಿಕೆಯನ್ನು ಮೈಕು ಹಿಡಿದು ಮುರಿದವಳು ಇಂದು. ಪೆನ್ನು ಹಾಳೆಯ ಮೇಲೆ ಕಾಯುತ್ತಲೇ ಇತ್ತು. ಅದನ್ನು ನೋಡಲಾಗಲಿಲ್ಲ ಅವಳಿಗೆ.

"ನಂದೊಂದು ಕವರ್ ಇದೆ" ಎಂದು ಕೈ ಎತ್ತಿದಳು. ಯಾವ ಕವರೂ ಇರಲಿಲ್ಲ.

ಅವನು ಹಗುರಾಗಿ ಉಸಿರುಬಿಟ್ಟು ಬರೆದುಕೊಂಡ. "ವಿಳಾಸ?"

ಆ ಕ್ಷಣಕ್ಕೆ ಬಾಯಿಗೆ ಬಂದದ್ದು ಒಂದೇ ಒಂದು. ಹನುಮಂತನಗರದಲ್ಲಿ ತಾವು ಸಂಸಾರ ಹೂಡಿದ್ದ ಆ ಮನೆಯ ನಂಬರು, ಅಡ್ಡರಸ್ತೆ, ಮಹಡಿ ಮೇಲೆ ಎಂದು ಹೇಳಿದಳು. ಅವನು ತಲೆಯೆತ್ತಿ ನೋಡುತ್ತಾನೆಂದು, ಒಂದು ಚೂರು ನಗುತ್ತಾನೆಂದು ಕಾದಳು. ಅವನು ತಲೆ ಬಗ್ಗಿಸಿ ಒಂದೊಂದೇ ಅಕ್ಷರ ಬರೆದ.

"ಯಾರದ್ದು ಈ ಮನೆ? ನಿಮ್ಮ ಕಡೆಯವರದ್ದಾ?"

"ಹೂಂ."

"ಏನಾದ್ರೂ ಗುರುತು ಇದೆಯಾ, ಆಟೋದವನಿಗೆ ಹೇಳಕ್ಕೆ?"

"ಮುಂದೆ ಒಂದು ಹೊಂಗೆ ಮರ ಇದೆ" ಎಂದಳು ಇಂದು.

"ಹೊಂಗೆ ಮರ" ಎಂದು ಅವನು ಬರೆದುಕೊಂಡು, ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. "ಚಿಂತೆ ಮಾಡ್ಬೇಡ, ಹುಡುಕಿ ಕೊಟ್ಟು ಬರ್ತೀನಿ."