ಜಡೆ ಮುಗಿಯುವವರೆಗೆ ಓದು

ಮಂಚದ ಪಕ್ಕದ ಪುಸ್ತಕದ ರಾಶಿ ಕಿಟಕಿಯ ಅಂಚನ್ನು ಮುಟ್ಟಿದ ವಾರವೇ ನಂಬೋಜೊ ಮಣ್ಣಿನ ಪಾಠದ ಕಿರುಪರೀಕ್ಷೆಯಲ್ಲಿ ಫೇಲಾದಳು. ಸಿವಿಲ್ ಎಂಜಿನಿಯರಿಂಗ್ ಎರಡನೆಯ ವರ್ಷ. ಉಳಿದ ವಿಷಯಗಳಲ್ಲಿ ಹೇಗೋ ದಡ ಸೇರುತ್ತಿದ್ದವಳು ಇದೊಂದರಲ್ಲೇ ಮುಗ್ಗರಿಸಿದ್ದು ಅವಳಿಗೆ ತಲೆ ಎತ್ತದ ಹಾಗೆ ಮಾಡಿತ್ತು. ಎಲ್ಗನ್ ಬೆಟ್ಟದ ಇಳಿಜಾರಿನಲ್ಲಿ ಹುಟ್ಟಿದವಳು ಅವಳು. ಒಮ್ಮೆ ಬೆಟ್ಟದ ಒಂದು ಮಗ್ಗುಲೇ ಕಳಚಿ ಚಿಕ್ಕಪ್ಪನ ಬಾಳೆತೋಟದ ಮೇಲೆ ಬಂದು ಕೂತದ್ದನ್ನು ಕಣ್ಣಾರೆ ಕಂಡವಳು. ರಾಜಧಾನಿ ಕಂಪಾಲಕ್ಕೆ ಓದಲು ಹೊರಟಾಗ, "ಬೆಟ್ಟ ಯಾಕೆ ಜಾರತ್ತೆ ಅಂತ ತಿಳ್ಕೊಂಡು ಬರ್ತೀನಿ ಅಜ್ಜಿ" ಎಂದು ದೊಡ್ಡದಾಗಿ ಹೇಳಿ ಬಸ್ಸು ಹತ್ತಿದವಳು.

ಅವಳಿಗೆ ಬುದ್ಧಿಯೇನೂ ಕಡಿಮೆ ಇರಲಿಲ್ಲ, ಹೊತ್ತು ಸಾಲುತ್ತಿರಲಿಲ್ಲ. ಸೋಪು ತರಲೆಂದು ಗುಡ್ಡ ಇಳಿದು ವಾಂಡೆಗೆಯ ಪೇಟೆಗೆ ಹೋದರೆ, ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಹಳೆಯ ಪುಸ್ತಕ ಮಾರುವವನ ಮುಂದೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ಸೋಪು ಮರೆತು, ಪುಸ್ತಕ ಕಂಕುಳಲ್ಲಿ ಇರುಕಿಕೊಂಡು ಹಾಸ್ಟೆಲಿಗೆ ಮರಳುತ್ತಿದ್ದಳು. ಬಂದರಿನಲ್ಲಿ ನಡೆದ ಕೊಲೆಯ ಪತ್ತೇದಾರಿ ಕಾದಂಬರಿ, ರೈಲು ದಾರಿ ಹಾಕಿದವರ ಚರಿತ್ರೆ, ರಟ್ಟು ಹರಿದುಹೋದ ದಪ್ಪನೆಯ ಸಂಸಾರದ ಕತೆ, ಜೇನು ಸಾಕುವವರ ಕೈಪಿಡಿ, ಹೀಗೆ ಕೈಗೆ ಸಿಕ್ಕಿದ್ದೆಲ್ಲ ರಾಶಿ ಸೇರುತ್ತಿತ್ತು. ಎಲ್ಲವನ್ನೂ ಓದುವ ಆಸೆ. ಆದರೆ ಶನಿವಾರ ಬಂತೆಂದರೆ ಬಾಗಿಲ ಮುಂದೆ ತಲೆ ಕೆದರಿಕೊಂಡ ಹುಡುಗಿಯರ ಸಾಲು. ತಲೆಗೆ ಅಂಟಿದಂತೆ ನೆತ್ತಿಯಿಂದ ಕತ್ತಿನವರೆಗೆ ಸಣ್ಣ ಸಣ್ಣ ಜಡೆ ಎಳೆಯುವ ಕೆಲಸವನ್ನು ಅವಳು ಅತ್ತೆಯಿಂದ ಕಲಿತಿದ್ದಳು. ಅದರಲ್ಲಿ ಅವಳನ್ನು ಮೀರಿಸುವವರು ಆ ಹಾಸ್ಟೆಲಿನಲ್ಲಿ ಇರಲಿಲ್ಲ. ಕಾಸು ಮುಟ್ಟುತ್ತಿರಲಿಲ್ಲ. ಬೆರಳುಗಳಿಗೆ ಆ ಕೆಲಸ ಬೇಕಿತ್ತು, ಅಷ್ಟೇ.

ಫಲಿತಾಂಶ ಬಂದ ಸಂಜೆ ರೂಮಿನ ಗೆಳತಿ ಅಸೆಕೆನ್ಯೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. ಅವಳು ಸೊರೋಟಿ ಕಡೆಯವಳು, ವಾಣಿಜ್ಯದ ವಿದ್ಯಾರ್ಥಿನಿ. ಮಾತು ಚಾಟಿಯ ಹಾಗೆ.

"ನೋಡೇ, ನಿಂಗಿರೋದು ಒಂದು ತಲೆ. ಊರೋರ ತಲೆಯೆಲ್ಲಾ ನಿನ್ನ ಮಡಿಲಲ್ಲಿಟ್ಕೊಂಡ್ರೆ ನಿನ್ನ ತಲೆಗೆ ಜಾಗ ಎಲ್ಲಿದೆ?"

"ಒಂದು ಪರೀಕ್ಷೆ ತಾನೇ, ಮತ್ತೆ ಬರೀತೀನಿ."

"ಬರೀತೀಯ, ಯಾಕೆ ಬರಿಯಲ್ಲ! ಈ ರಾಶಿ ಕೆಳಗೆ ಸಿಕ್ಕಾಕ್ಕೊಂಡು ಸಾಯ್ದೆ ಇದ್ರೆ ಬರೀತೀಯ."

ಅಂದವಳೇ ಜೋಳದ ಹಿಟ್ಟಿನ ಖಾಲಿ ಚೀಲ ತಂದು ಪುಸ್ತಕಗಳನ್ನೆಲ್ಲ ತುಂಬಿ ಬಾಯಿ ಕಟ್ಟಿದಳು. ಬಾಚಣಿಗೆ, ದಾರದ ಉಂಡೆಗಳು ಅಸೆಕೆನ್ಯೆಯ ಪೆಟ್ಟಿಗೆ ಸೇರಿದವು. ಮರುಪರೀಕ್ಷೆ ಆಗುವ ತನಕ ಕತೆಯೂ ಇಲ್ಲ, ಜಡೆಯೂ ಇಲ್ಲ. ನಂಬೋಜೊ ಎದುರಾಡಲಿಲ್ಲ. ತಪ್ಪು ತನ್ನದೇ ಎಂದು ಒಳಗೊಳಗೇ ಅನಿಸಿತ್ತು.

ಆದರೆ ಓದು ಮುಂದೆ ಸಾಗಲಿಲ್ಲ. ಮಣ್ಣಿನ ಕಣಗಳ ನಡುವಿನ ನೀರು, ಅದರ ಒತ್ತಡ ಎಂದು ಶುರುವಾಗುವ ಪುಟವನ್ನು ಓದುವುದು, ಕೊನೆಯ ಸಾಲಿಗೆ ಬಂದಾಗ ಮೊದಲ ಸಾಲು ಮರೆತಿರುವುದು. ಕಿಟಕಿಯಾಚೆ ಮರದ ಮೇಲೆ ಕೂತ ಬೋಳುತಲೆಯ ದೊಡ್ಡ ಕೊಕ್ಕರೆಗಳು ಕೂಡ ಇವಳನ್ನೇ ನೋಡಿ ಬೇಸತ್ತಂತೆ ಕಾಣುತ್ತಿದ್ದವು. ಒಂದು ದಿನ ತಲೆ ಎತ್ತಿ ನೋಡುತ್ತಾಳೆ, ತನ್ನ ಬೆರಳುಗಳು ತಾವಾಗಿಯೇ ಹೊದಿಕೆಯ ಕುಚ್ಚನ್ನೆಲ್ಲ ಹೆಣೆದು ಜಡೆ ಹಾಕಿಟ್ಟಿವೆ.

ನಿಯಮ ಮುರಿದವಳು ಅಸೆಕೆನ್ಯೆಯೇ. ಅವಳ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಮನೆಗೆ ಬರುವುದಿತ್ತು. ಶನಿವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಬಂದು ನಂಬೋಜೊಳ ಪಕ್ಕ ಕೂತು, ಸುಮ್ಮನೆ ನಕ್ಕಳು.

"ಏನೇ ಅದು ನಗು?"

"ನಾಳೆ ಊರಿಗೆ ಹೋಗ್ಬೇಕು. ಈ ತಲೆ ಇಟ್ಕೊಂಡು ಹೋದ್ರೆ ಗಂಡಿನ ಕಡೆಯೋರು ಹೆದರಿ ವಾಪಸ್ ಓಡ್ತಾರೆ."

"ನಿಯಮ ಇದೆಯಲ್ಲಮ್ಮ."

"ನಿಯಮ ಮಾಡ್ದೋಳು ನಾನೇ, ಮುರಿಯೋಳೂ ನಾನೇ. ಹಾಕೇ, ದಮ್ಮಯ್ಯ."

ನಂಬೋಜೊಗೆ ಸೇಡು ತೀರಿಸಿಕೊಳ್ಳುವ ಮನಸ್ಸಾಯಿತು. "ಹಾಕ್ತೀನಿ. ಆದ್ರೆ ಚೀಲ ಬಿಚ್ಚು. ನನ್ನ ಕೈ, ಕಣ್ಣು ಎರಡೂ ನಿನ್ನ ತಲೆಗೆ. ಕಿವಿ ಖಾಲಿ ಇರತ್ತೆ. ಜಡೆ ಮುಗಿಯೋವರೆಗೂ ನೀನು ಗಟ್ಟಿಯಾಗಿ ಓದ್ಬೇಕು."

"ನಾನು ಕತೆ ಪುಸ್ತಕ ಮುಟ್ಟೋಳಲ್ಲ ಅಂತ ಗೊತ್ತಲ್ಲ ನಿಂಗೆ."

"ಹಾಗಾದ್ರೆ ಕೆದರಿದ ತಲೇಲೇ ಹೋಗು."

ಅಸೆಕೆನ್ಯೆ ಗೊಣಗುತ್ತಾ ಚೀಲಕ್ಕೆ ಕೈ ಹಾಕಿದಳು. ಸಿಕ್ಕಿದ್ದು ಬಂದರಿನ ಕೊಲೆ. ಮೊದಮೊದಲು ವಾರ್ತೆ ಓದುವವಳ ಹಾಗೆ ಏರಿಳಿತವಿಲ್ಲದೆ ಓದಿದಳು. ಹೆಣ ಸಿಕ್ಕಮೇಲೆ ದನಿ ತಗ್ಗಿಸಿದಳು. ಇನ್ಸ್‌ಪೆಕ್ಟರು ಬಂದಾಗ ಗಂಟಲು ಒರಟಾಯಿತು, ಹೋಟೆಲಿನ ಹೆಂಗಸು ಬಂದಾಗ ರಾಗ ಸೇರಿಕೊಂಡಿತು. ಮಧ್ಯಾಹ್ನ ಕಳೆದು ಕೊನೆಯ ಜಡೆಯ ಗಂಟು ಬಿದ್ದಾಗ ನಂಬೋಜೊ "ಆಯ್ತು, ಏಳೇ" ಎಂದಳು.

"ಸುಮ್ನಿರೇ! ಅಡುಗೆಯವನೇ ಕೊಂದಿದ್ದು ಅನ್ಸತ್ತೆ, ಇನ್ನೊಂದು ಅಧ್ಯಾಯ ಇದೆ."

ಊರಿನಿಂದ ಮರಳಿದ ಮೇಲೆ ಅಸೆಕೆನ್ಯೆಯೇ ಮಣ್ಣಿನ ಪಾಠದ ಟಿಪ್ಪಣಿ ಕೈಗೆತ್ತಿಕೊಂಡಳು. "ಕೊಲೆ ಓದಿದ್ರೆ ತಲೆಗೆ ಹೋಗತ್ತೆ ಅಂದ್ಮೇಲೆ ಮಣ್ಣು ಯಾಕೆ ಹೋಗಲ್ಲ? ಕೂರು. ನನ್ನ ಜಡೆಯ ಮುಂದಿನ ಸಾಲು ಸಡಿಲ ಆಗಿದೆ, ಸರಿಮಾಡು, ನಾನು ಓದ್ತೀನಿ." ಓದಿದಳು. ಅರ್ಥವಾಗದ ಕಡೆಯಲ್ಲೆಲ್ಲ ನಿಲ್ಲಿಸಿ, "ಹಾಗಂದ್ರೆ ಏನು? ನಂಗೆ ಹೇಳು" ಎಂದು ಪಟ್ಟು ಹಿಡಿದಳು. ಕಣಗಳ ನಡುವೆ ನೀರು ತುಂಬಿದರೆ ಮಣ್ಣಿನ ಬಿಗಿ ಹೇಗೆ ಕಡಿಮೆಯಾಗುತ್ತದೆ ಎಂಬಲ್ಲಿ ಇಬ್ಬರೂ ಸಿಕ್ಕಿಬಿದ್ದರು. ನಂಬೋಜೊ ಸುಮ್ಮನೆ ಜಡೆ ಬಿಗಿಯಲು ಹೋದಳು. ಜಡೆ ಕೈಯಿಂದ ಜಾರಿತು.

"ಅಯ್ಯೋ, ಎಷ್ಟು ಎಣ್ಣೆ ಸುರ್ಕೊಂಡಿದೀಯೇ! ಎಳೆಗೆ ಎಳೆ ಕಚ್ಕೊಳ್ತಾನೇ ಇಲ್ಲ."

ಹೇಳಿದ ಮಾತು ಅವಳ ಕಿವಿಗೇ ಬಿತ್ತು. ಬೆರಳು ನಿಂತವು. ಎಳೆ ಎಳೆಯನ್ನು ಕಚ್ಚಿ ಹಿಡಿದರೇ ಜಡೆ. ನಡುವೆ ಎಣ್ಣೆ ಹೊಕ್ಕರೆ ಹಿಡಿತ ಹೋಯಿತು. ಎಳೆಗಳು ಅವೇ, ಜಡೆಯ ಭಾರವೂ ಅಷ್ಟೇ, ಆದರೂ ಜಾರುತ್ತದೆ. ನೀರೂ ಹಾಗೆಯೇ, ಒಂದು ಕಣ ಇನ್ನೊಂದರ ಮೇಲೆ ಊರದಂತೆ ನಡುವೆ ನಿಂತು ತಳ್ಳುತ್ತದೆ. ಬಾಚಣಿಗೆಯ ತುದಿಯಿಂದ ಅಸೆಕೆನ್ಯೆಯ ಕಿವಿಯ ಮೇಲಿನ ಇಳಿಜಾರಿನಲ್ಲಿ ಗೆರೆ ಎಳೆಯುತ್ತ ಅವಳು ಹೇಳುತ್ತಾ ಹೋದಳು. ಇಲ್ಲಿ ಬಂಡೆ, ಇಲ್ಲಿ ಮಣ್ಣು, ಇಲ್ಲಿ ನೀರು ಇಂಗುತ್ತದೆ, ಇಲ್ಲಿಂದ ಬಿರುಕು. ಹೇಳುತ್ತಾ ಹೇಳುತ್ತಾ ದನಿ ಸಣ್ಣದಾಯಿತು.

"ಚಿಕ್ಕಪ್ಪನ ತೋಟದ ಮೇಲೂ ಹೀಗೇ ಆಗಿದ್ದು ಕಣೇ."

ಅಸೆಕೆನ್ಯೆ ತಲೆ ಅಲುಗಿಸದೆ ಹಿಂದಕ್ಕೆ ಕೈ ಚಾಚಿ ಅವಳ ಮಂಡಿ ತಟ್ಟಿದಳು.

ಸುದ್ದಿ ಹಾಸ್ಟೆಲಿನಲ್ಲೆಲ್ಲ ಹಬ್ಬಿತು. ಜಡೆ ಬೇಕಾದವರು ಓದಬೇಕು. ಒಬ್ಬಳು ಪ್ರೀತಿಯ ಭಾಗ ಬಂದರೆ ನಾಚಿ ಪುಟ ಹಾರಿಸುತ್ತಿದ್ದಳು. ಮಂಚದ ಮೇಲೆ ಸುಮ್ಮನೆ ಕೇಳಲು ಬಂದು ಕೂತವರು "ಏಯ್, ಕಳ್ಳಿ, ಹಿಂದಕ್ಕೆ ಹೋಗು" ಎಂದು ಬೊಬ್ಬೆ ಹಾಕುತ್ತಿದ್ದರು. ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆ ಪಡೆದದ್ದು, ಯಾರೂ ಊಹಿಸದ ಹಾಗೆ, ಜೇನು ಸಾಕುವವರ ಕೈಪಿಡಿ. ಹಳೆಯ ರಾಣಿಯನ್ನು ಹೊಸ ರಾಣಿ ಓಡಿಸುವ ಅಧ್ಯಾಯವನ್ನು ಮತ್ತೆ ಮತ್ತೆ ಓದಿಸಿದರು. ಶನಿವಾರಗಳಷ್ಟೇ ಇದಕ್ಕೆ. ಉಳಿದ ದಿನ ಬಾಗಿಲು ಬಡಿದವರನ್ನು ಅಸೆಕೆನ್ಯೆ ಬೈದು ಅಟ್ಟುತ್ತಿದ್ದಳು. ಮರುಪರೀಕ್ಷೆಯಲ್ಲಿ ನಂಬೋಜೊ ಪಾಸಾದಳು. ಮೇಲಿನ ದರ್ಜೆಯೇನಲ್ಲ, ಆದರೆ ಇಳಿಜಾರಿನ ಪ್ರಶ್ನೆಯ ಉತ್ತರದ ಪಕ್ಕ ಮೇಷ್ಟ್ರು "ಚೆನ್ನಾಗಿ ವಿವರಿಸಿದ್ದೀಯ" ಎಂದು ಬರೆದಿದ್ದರು.

ಆ ಗುಂಪಿನಲ್ಲಿ ಓದದೆ ಇದ್ದವಳು ಒಬ್ಬಳೇ, ತುಮುಸೀಮೆ. ಪಶುವೈದ್ಯದ ಕೊನೆಯ ವರ್ಷದವಳು, ಉದ್ದಕೊಂಬಿನ ದನಗಳ ನಾಡಾದ ಪಶ್ಚಿಮದಿಂದ ಬಂದವಳು. ಎಲ್ಲರಿಗೂ ಅಕ್ಕ. ಬಂದಾಗಲೆಲ್ಲ ಹುರಿದ ಕಡಲೆಕಾಯಿಯ ಪೊಟ್ಟಣ ನಂಬೋಜೊಳ ಕೈಗಿತ್ತು, ಪುಸ್ತಕವನ್ನು ಪಕ್ಕದವಳ ಕೈಗೆ ದಾಟಿಸಿ ಕೂರುತ್ತಿದ್ದಳು. ಅವಳ ಮಾತು ತಡೆಯುತ್ತಿತ್ತು. ತುಟಿಯವರೆಗೆ ಬಂದ ಶಬ್ದ ಅಲ್ಲೇ ನಿಂತು ನಡುಗುತ್ತಿತ್ತು. ಎದುರಿದ್ದವರು ಪಾಪ ಎಂದು ತಾವೇ ಆ ಶಬ್ದ ಹೇಳಿ ಮುಗಿಸುತ್ತಿದ್ದರು. ಹಾಗಾಗಿ ಅವಳು ಮಾತನ್ನೇ ಕಡಿಮೆ ಮಾಡಿಕೊಂಡಿದ್ದಳು.

ಒಂದು ಶನಿವಾರ ಅವಳು ಎಲ್ಲರೂ ಹೋಗುವ ತನಕ ಕಾದಿದ್ದು, ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಕೈಯಲ್ಲಿ ಅವಳದೇ ಪ್ರಾಜೆಕ್ಟಿನ ವರದಿ. ದನಗಳಿಗೆ ಹತ್ತಿ ರಕ್ತ ಹೀರುವ ಉಣ್ಣಿ ಹುಳುವಿನ ಬಗ್ಗೆ.

"ಪ... ಪರೀಕ್ಷಕರ ಮುಂದೆ ಹೇಳ್ಬೇಕು. ಮ... ಮುಂದಿನ ತಿಂಗಳು. ಇಲ್ಲಿ ಓದ್ಲಾ?"

"ಓದಕ್ಕ. ನಂಗಂತೂ ಇವತ್ತು ಸಣ್ಣ ಜಡೆ, ಸಂಜೆ ತನಕ ಕೆಲ್ಸ ಇದೆ."

ಅಷ್ಟೇ ಹೇಳಿದಳು ನಂಬೋಜೊ. ಅವಳಿಗೆ ಧೈರ್ಯ ಹೇಳಲು ಬರುತ್ತಿರಲಿಲ್ಲ, ಆದರೆ ಕಾಯಲು ಬರುತ್ತಿತ್ತು. ಜಡೆಯ ಕೆಲಸವೇ ಕಾಯುವ ಕೆಲಸ. ಶಬ್ದ ತಡೆದು ನಿಂತಾಗ ಅವಳು ಎಳೆ ಬೇರ್ಪಡಿಸಿದಳು, ಎಣ್ಣೆ ಸವರಿದಳು, ಇನ್ನೊಂದು ಗೆರೆ ತೆಗೆದಳು. ಯಾರೂ ಮುಖ ನೋಡುತ್ತಿರಲಿಲ್ಲ. ಯಾರಿಗೂ ಅವಸರವಿರಲಿಲ್ಲ. ಬೆರಳ ಕೆಳಗೆ ಕತ್ತಿನ ನರ ಬಿಗಿಯುವುದು, ಶಬ್ದ ಹೊರಬಿದ್ದೊಡನೆ ಸಡಿಲವಾಗುವುದು ನಂಬೋಜೊಗೆ ತಿಳಿಯುತ್ತಿತ್ತು. ಅಸೆಕೆನ್ಯೆ ಒಮ್ಮೆ ಅಭ್ಯಾಸಬಲದಿಂದ ಶಬ್ದವನ್ನು ತಾನೇ ಮುಗಿಸಲು ಬಾಯಿ ತೆರೆದಳು. ನಂಬೋಜೊ ಬಾಚಣಿಗೆ ಎತ್ತಿ ಕಣ್ಣು ಬಿಟ್ಟಳು. ಅಸೆಕೆನ್ಯೆ ಬಾಯಿಗೆ ಕಡಲೆಕಾಯಿ ತುಂಬಿಕೊಂಡಳು.

ತುಮುಸೀಮೆ ಮುಂದಿನ ಶನಿವಾರವೂ ಬಂದಳು, ಅದರಾಚೆಯದಕ್ಕೂ ಬಂದಳು. ತಡೆ ಹೋಗಲಿಲ್ಲ. ಆದರೆ ತಡೆದಾಗ ತಲೆ ತಗ್ಗಿಸುವುದು ನಿಂತಿತು. ವರದಿ ಮುಗಿದ ಮೇಲೆ ಅವಳಾಗಿಯೇ ರಟ್ಟು ಹರಿದ ಆ ದಪ್ಪ ಕಾದಂಬರಿ ಎತ್ತಿಕೊಂಡಳು. ಅವಳು ಓದುವ ನಿಧಾನಕ್ಕೆ ಆ ಸಂಸಾರದ ಜಗಳ, ಮದುವೆ, ಸಾವುಗಳೆಲ್ಲ ಮನಸ್ಸಿಗೆ ಇಳಿಯುತ್ತಿದ್ದವು. ಮಂಚದ ಮೇಲಿನ ಹುಡುಗಿಯರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಪರೀಕ್ಷಕರ ಮುಂದೆ ನಿಲ್ಲುವ ದಿನ ಬಂತು. ಸಭೆ ಎಲ್ಲರಿಗೂ ತೆರೆದಿತ್ತು. ನಂಬೋಜೊ, ಅಸೆಕೆನ್ಯೆ ಹಿಂದಿನ ಬೆಂಚಿನಲ್ಲಿ ಕೂತರು. ತುಮುಸೀಮೆ ಬಿಳಿ ಕೋಟು ತೊಟ್ಟು, ಹೊಸ ಜಡೆಯಲ್ಲಿ, ನೆಟ್ಟಗೆ ನಿಂತಳು. ಮೊದಲೆರಡು ವಾಕ್ಯ ನೀರು ಹರಿದ ಹಾಗೆ ಬಂದವು. ಮೂರನೆಯದರಲ್ಲಿ ಒಂದು ಶಬ್ದ ಸಿಕ್ಕಿಹಾಕಿಕೊಂಡಿತು. ನಂಬೋಜೊಳ ಬೆರಳುಗಳು ಮಡಿಲಲ್ಲಿ ತಾವೇ ಏನನ್ನೋ ಹೆಣೆಯತೊಡಗಿದವು. ಮುಂದಿನ ಸಾಲಿನ ವಯಸ್ಸಾದ ಪರೀಕ್ಷಕರೊಬ್ಬರು ಕನಿಕರದಿಂದ ಮುಂದೆ ಬಾಗಿ, "ಪರೋಪಜೀವಿ, ಅಲ್ವೇನಮ್ಮ?" ಎಂದರು.

ತುಮುಸೀಮೆ ಮೆಲ್ಲನೆ ಕೈ ಎತ್ತಿದಳು.

"ನಾ... ನಾನೇ ಹೇಳ್ತೀನಿ ಸರ್. ಸ್ವಲ್ಪ ಹೊತ್ತು ಹಿಡಿಯತ್ತೆ. ನೀವು ಕಾಯಿರಿ."

ಕೋಣೆ ಕಾಯಿತು. ಅವಳು ಉಸಿರೆಳೆದುಕೊಂಡು ಆ ಶಬ್ದವನ್ನು ತಾನೇ ಹೇಳಿದಳು, ಮುಂದಕ್ಕೆ ಹೋದಳು. ಕೊನೆಗೆ ಪ್ರಶ್ನೆ ಕೇಳುವಾಗ ಅದೇ ಹಿರಿಯರು ಕೈ ಕಟ್ಟಿ ಕೂತು ಪ್ರತಿ ಉತ್ತರದ ಕೊನೆಯ ಅಕ್ಷರದವರೆಗೂ ಕಾದರು.

ಸಂಜೆ ಮೂವರೂ ಗುಡ್ಡ ಇಳಿದರು. ಕೆಂಡದ ಮೇಲೆ ಸುಟ್ಟ ಬಾಳೆಹಣ್ಣು ತಿನ್ನುತ್ತಾ ಬೆರಳು ಸುಟ್ಟುಕೊಂಡರು. ತುಮುಸೀಮೆ ಅಂದು ನಿಲ್ಲಿಸದೆ ಮಾತಾಡಿದಳು, ಆ ಪರೀಕ್ಷಕರ ಮುಖವನ್ನು ಅಣಕಿಸಿ ತೋರಿಸಿದಳು. ಮುಂದಿನ ತಿಂಗಳು ದನ ಸಾಕುವ ಒಂದು ದೊಡ್ಡ ಫಾರ್ಮಿನಲ್ಲಿ ಕೆಲಸಕ್ಕೆ ಸೇರುವುದಿದೆಯಂತೆ. ಅಲ್ಲಿಯ ರೈತರಿಗೆ ಉಣ್ಣಿಯ ಬಗ್ಗೆ ಪಾಠ ಹೇಳಬೇಕಂತೆ, ರೇಡಿಯೋದಲ್ಲೂ ಒಮ್ಮೆ ಮಾತಾಡಬೇಕಾಗಬಹುದಂತೆ.

"ರೇಡಿಯೋದಲ್ಲಿ ಹೊತ್ತು ಕೊಡಲ್ಲ ಅಕ್ಕ, ಗಂಟೆ ಹೊಡೆದುಬಿಡ್ತಾರೆ" ಎಂದಳು ಅಸೆಕೆನ್ಯೆ, ಚಾಟಿ ಬೀಸಿ ಅಭ್ಯಾಸವಾದವಳು.

"ಹೊ... ಹೊಡೀಲಿ ಬಿಡು. ನಾಳೆ ಮುಂದುವರಿಸ್ತೀನಿ ಅಂತೀನಿ."

ನಂಬೋಜೊಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳಿಗೆ ಅಜ್ಜಿಯ ನೆನಪಾಯಿತು. ರಜೆಗೆ ಊರಿಗೆ ಹೋದಾಗ ಅಂಗಳದಲ್ಲಿ ಅಜ್ಜಿಯ ಹಿಂದೆ ಕೂತು, ಆ ಬಿಳಿಗೂದಲನ್ನು ಬಾಚುತ್ತಾ, ಬೆಟ್ಟ ಯಾಕೆ ಜಾರುತ್ತದೆ ಎಂದು ನಿಧಾನವಾಗಿ ಹೇಳಬೇಕು. ಚಿಕ್ಕಪ್ಪ, ಅಕ್ಕಪಕ್ಕದವರು, ಎಲ್ಲರನ್ನೂ ಕರೆದು ಕೂರಿಸಿ, ಯಾವ ಕಡೆ ನೀರು ಹೊರಳಿಸಬೇಕು, ಎಲ್ಲಿ ಮರ ಕಡಿಯಬಾರದು ಎಂಬುದನ್ನೂ ಹೇಳಬೇಕು. ಎಲ್ಲವೂ ಇನ್ನೂ ಗೊತ್ತಿಲ್ಲ. ಓದುವುದು ಬೇಕಾದಷ್ಟಿದೆ. ಆದರೂ ಅಂದು ಆ ಬೇಕಾದಷ್ಟು ಎಂಬ ಮಾತು ಅವಳನ್ನು ಹೆದರಿಸಲಿಲ್ಲ. ಕೈಯಲ್ಲಿದ್ದ ಬಿಸಿ ಹಣ್ಣನ್ನು ಊದಿಕೊಂಡು, ಗೆಳತಿಯರ ಹಿಂದೆ ಹೆಜ್ಜೆ ಹಾಕಿದಳು.