ಗುಂಡನನ್ನು ಮುಟ್ಟಿದವರು ಯಾರು?

ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರುವುದಿಲ್ಲ. ಬೇಕಿದ್ದರೆ ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಈಗಲೇ ಪ್ರಯತ್ನಿಸಬಹುದು. ಅದೇ ಕಂಕುಳಿಗೆ ಇನ್ನೊಬ್ಬರ ಬೆರಳು ತಾಗಲಿ, ಎಂಥ ಗಂಟುಮುಖದವನೂ ಕಿಸಕ್ಕನೆ ನಗುತ್ತಾನೆ. ಇಷ್ಟು ಸಣ್ಣ ಸಂಗತಿಯ ಬೆನ್ನು ಹತ್ತಿ ಒಬ್ಬ ಹೆಂಗಸು, ಅದೂ ತಲೆಯಲ್ಲಿ ಬೆಳ್ಳಿಕೂದಲು ಇಣುಕಲು ಶುರುವಾದ ಮೇಲೆ, ಇದ್ದ ನೌಕರಿ ಬಿಟ್ಟು ಮತ್ತೆ ವಿದ್ಯಾರ್ಥಿಯಾದಳು ಎಂದರೆ ನಂಬುವುದು ಕಷ್ಟ. ಅವಳ ಅಮ್ಮನೂ ನಂಬಿರಲಿಲ್ಲ.

“ಶಾಲೇಲಿ ಗಣಿತ ಹೇಳ್ಕೊಡ್ತಾ ಆರಾಮಾಗಿದ್ದೋಳು, ಈಗ ಕಚಗುಳಿ ಓದೋಕೆ ಹೋಗಿದಾಳೆ” ಎಂದು ಅಮ್ಮ ಫೋನಿನಲ್ಲಿ ನೆಂಟರಿಗೆಲ್ಲ ಹೇಳುತ್ತಿದ್ದರು. “ಅದಕ್ಕೂ ಡಿಗ್ರಿ ಕೊಡ್ತಾರಂತೆ. ನಮ್ಮ ಕಾಲದಲ್ಲಿ ಪುಕ್ಕಟೆ ಸಿಗ್ತಿತ್ತು.”

ಅವಳಿಗಿಂತ ಎಷ್ಟೋ ಚಿಕ್ಕವರಾದ ಸಹಪಾಠಿಗಳು ಮೊದಲ ದಿನವೇ ಅವಳಿಗೆ ‘ಟೀಚರ್’ ಎಂದು ಹೆಸರಿಟ್ಟರು. ಅದೇ ಉಳಿಯಿತು. ಅವಳು ಸೇರಿದ್ದ ಸ್ನಾತಕೋತ್ತರ ಕೋರ್ಸು ಅರ್ಧ ಮಿದುಳಿನದು, ಅರ್ಧ ರೋಬೋಟಿನದು. ನರಕೋಶಗಳು ಹೇಗೆ ಲೆಕ್ಕ ಹಾಕುತ್ತವೆ ಎಂದು ಸಮೀಕರಣ ಬರೆಯುವವರು ಮೂರನೇ ಮಹಡಿಯಲ್ಲಿದ್ದರು. ಅಲ್ಲಿ ಮೆತ್ತನೆಯ ಕುರ್ಚಿ, ಕಾಫಿ ಯಂತ್ರ, ಗೋಡೆಯುದ್ದದ ಬಿಳಿ ಬೋರ್ಡು. ಆ ಸಮೀಕರಣಕ್ಕೆ ಕೈ ಕಣ್ಣು ಜೋಡಿಸುವ ರೋಬೋಟಿನವರು ನೆಲಮಾಳಿಗೆಯಲ್ಲಿ, ಬೆಸುಗೆಯ ಹೊಗೆ ಮತ್ತು ಡ್ರಿಲ್ಲಿನ ಪುಡಿಯ ನಡುವೆ. ಮೇಲಿನವರು ಕೆಳಗಿನದನ್ನು ಗ್ಯಾರೇಜು ಎನ್ನುತ್ತಿದ್ದರು. ಕೆಳಗಿನವರು ಮೇಲಿನವರನ್ನು ಮೇಲಿನ ಲೋಕದವರು ಎನ್ನುತ್ತಿದ್ದರು. ಎರಡು ದೋಣಿಯ ಮೇಲೆ ಕಾಲಿಟ್ಟ ಟೀಚರ್ ಕೆಟ್ಟುನಿಂತ ಲಿಫ್ಟನ್ನು ಶಪಿಸುತ್ತ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು.

ನೆಲಮಾಳಿಗೆಯ ಒಂದು ಮೇಜಿನ ಮೇಲೆ ಗುಂಡ ಕೂತಿದ್ದ. ಗುಂಡನೆಯ ತಲೆ, ಕ್ಯಾಮೆರಾದ ಎರಡು ಕಣ್ಣು, ಎರಡು ಕೈ. ಸೊಂಟದ ಕೆಳಗೆ ಏನೂ ಇಲ್ಲ. ಅವನ ತೋಳುಗಳಿಗೆ ಮೆತ್ತನೆಯ ರಬ್ಬರಿನ ಚರ್ಮ ಹೊದಿಸಿ, ಅದರಡಿ ಸ್ಪರ್ಶ ತಿಳಿಯುವ ಸೆನ್ಸರುಗಳನ್ನು ಕೂರಿಸಿದ್ದವನು ಟೀಚರಳ ಜೊತೆಗಾರ. ಸದಾ ತುಟಿಗಳ ನಡುವೆ ಒಂದು ಸ್ಕ್ರೂ ಕಚ್ಚಿಕೊಂಡೇ ಮಾತಾಡುವ ಅವನನ್ನು ಎಲ್ಲರೂ ಸ್ಕ್ರೂ ಎಂದೇ ಕರೆಯುತ್ತಿದ್ದರು. ಗುಂಡನ ಚರ್ಮ ಅವನದು, ಮಿದುಳು ಟೀಚರಳದು.

ಕೆಲಸ ಹೇಳಲು ಸುಲಭ. ಗುಂಡ ತನ್ನ ತೋಳನ್ನು ತಾನೇ ಮುಟ್ಟಿಕೊಂಡರೆ ಸುಮ್ಮನಿರಬೇಕು. ಬೇರೆಯವರು ಮುಟ್ಟಿದರೆ ತಿರುಗಿ ಅವರ ಮುಖ ನೋಡಬೇಕು. ನಮ್ಮ ಮಿದುಳು ಕೈಗೆ ಆಜ್ಞೆ ಕೊಡುವಾಗ ಅದರ ಒಂದು ನಕಲನ್ನು ತನ್ನ ಹತ್ತಿರವೇ ಇಟ್ಟುಕೊಂಡು, ‘ಈಗ ಇಂಥ ಕಡೆ ಮುಟ್ಟಿದ ಹಾಗಾಗುತ್ತದೆ, ಗಾಬರಿ ಬೇಡ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತದೆ. ಹಾಗಾಗಿಯೇ ನಮ್ಮ ಬೆರಳು ನಮಗೆ ಕಚಗುಳಿ ಇಡುವುದಿಲ್ಲ. ಟೀಚರ್ ಅಂಥದೊಂದು ಮಿದುಳಿನ ಮಾದರಿ ಕಟ್ಟಿದ್ದಳು. ಕಂಪ್ಯೂಟರಿನೊಳಗಿನ ಕೈಯ ಮೇಲೆ ಅದು ಮುತ್ತಿನಂತೆ ಕೆಲಸ ಮಾಡಿತ್ತು. ನಿಜವಾದ ಕೈ ಸಿದ್ಧವಾಗಿ ಬಂದದ್ದು ಮಾತ್ರ ಪರೀಕ್ಷೆ ಹೊಸ್ತಿಲಿಗೆ ಬಂದಾಗ.

ಪರೀಕ್ಷೆಯ ದಿನ ಗುಂಡ ಮಾನ ಕಳೆದ. ಬಲಗೈಯಿಂದ ಎಡತೋಳು ಮುಟ್ಟಿಕೊಂಡ, ಬೆಚ್ಚಿದ, ಯಾರು ಮುಟ್ಟಿದ್ದೆಂದು ಗಕ್ಕನೆ ಎಡಕ್ಕೆ ತಿರುಗಿದ. ತಿರುಗುವಾಗ ಕೈ ಮತ್ತೆ ತೋಳಿಗೆ ಸವರಿತು. ಮತ್ತೆ ಬೆಚ್ಚಿದ. ಬೆಕ್ಕಿನಮರಿ ತನ್ನ ಬಾಲ ಹಿಡಿಯಲು ಸುತ್ತುವಂತೆ ಸುತ್ತಿ ಸುತ್ತಿ, ಕೊನೆಗೆ ಸ್ಕ್ರೂ ಪ್ಲಗ್ ಕಿತ್ತ ಮೇಲೆಯೇ ನಿಂತ. ಹಿಂದಿನ ಸಾಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಗಲಿಲ್ಲ. ಅಂಕ ಕತ್ತರಿಸುವುದರಲ್ಲಿ ಎತ್ತಿದ ಕೈಯಾದ್ದರಿಂದ ವಿದ್ಯಾರ್ಥಿಗಳ ಬಾಯಲ್ಲಿ ಅವರು ‘ಕತ್ತರಿ’. “ಇನ್ನೊಂದು ಅವಕಾಶ ಇದೆ, ತಯಾರಾಗಿ ಬನ್ನಿ” ಎಂದಷ್ಟೇ ಹೇಳಿ ಹೊರಟರು.

ಆ ಅವಕಾಶವೂ ಕೈತಪ್ಪಿದರೆ ಡಿಗ್ರಿ ಇಲ್ಲ, ಅದರ ಬೆನ್ನಿಗೆ ಸಿಗಬೇಕಿದ್ದ ಸಂಶೋಧನೆಯ ಸೀಟೂ ಇಲ್ಲ. ಮತ್ತೆ ಹಳೆಯ ಶಾಲೆಯ ಬಾಗಿಲು ತಟ್ಟಬೇಕು. ಶಾಲೆಯನ್ನು ಅವಳು ದ್ವೇಷಿಸುತ್ತಿರಲಿಲ್ಲ. ಆದರೆ ಆ ಕೆಲಸ ಅಪ್ಪ ಹುಡುಕಿದ್ದು, ಆ ವಿಷಯ ಅಣ್ಣ ಆರಿಸಿದ್ದು. ಇದೊಂದೇ ಅವಳು ತಾನಾಗಿ ಬೇಕೆಂದು ಕೈ ಚಾಚಿ ಹಿಡಿದದ್ದು. ಇದನ್ನು ಕಳೆದುಕೊಳ್ಳಲು ಅವಳಿಗೆ ಸುತರಾಂ ಮನಸ್ಸಿರಲಿಲ್ಲ.

ತಪ್ಪು ಯಾರದು ಎಂಬ ಜಗಳ ಮರುದಿನವೇ ಶುರುವಾಯಿತು. ಅವಳ ಗೈಡ್ ಮೂರನೇ ಮಹಡಿಯ ಮೇಡಂ. “ಮಾದರಿಯಲ್ಲಿ ದೋಷ ಇಲ್ಲ. ಆ ಗ್ಯಾರೇಜಿನವರ ಚರ್ಮ ಸರಿ ಇಲ್ಲ” ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಸ್ಕ್ರೂ ಚರ್ಮವನ್ನು ಬಿಚ್ಚಿ, ಒಂದೊಂದೇ ಸೆನ್ಸರನ್ನು ಒತ್ತಿ ನೋಡಿ, ಮತ್ತೆ ಹೊದಿಸಿದ.

“ಚರ್ಮ ಚೆನ್ನಾಗೇ ಇದೆ ಟೀಚರ್. ತಲೆ ಕೆಟ್ಟಿರೋದು.”

“ಯಾರದು?”

“ಗುಂಡಂದು ಅಂದೆ. ನೀವ್ಯಾಕೆ ಮೈಮೇಲೆ ಹಾಕ್ಕೋತೀರಾ?”

ಮೈಮೇಲೆ ಹಾಕಿಕೊಳ್ಳದೆ ಏನು ಮಾಡಲಿ ಎಂದುಕೊಂಡಳು ಟೀಚರ್. ಆ ತಲೆಯನ್ನು ಕಟ್ಟಿದವಳು ಅವಳೇ ತಾನೇ.

ಭಾನುವಾರ ಅವಳು ಹೊರಗೆ ಹೋಗಲಿಲ್ಲ. ತಂಗಿಯ ಮನೆಯಲ್ಲೇ ಅವಳ ವಾಸ. ತಂಗಿಗೆ ಮಗುವಾಗಿತ್ತು, ಅದನ್ನು ನೋಡಿಕೊಳ್ಳಲು ಅಮ್ಮನೂ ಬಂದಿದ್ದರು. ತಂಗಿ ಸ್ನಾನಕ್ಕೆ ಹೋದಾಗ ಮಗುವಿನ ಕಾವಲು ಟೀಚರಳ ಪಾಲಿಗೆ ಬಂತು. ಚಾಪೆಯ ಮೇಲೆ ಅಂಗಾತ ಮಲಗಿದ್ದ ಮಗು ಕೈ ಬೀಸುತ್ತಿತ್ತು. ಬೀಸಿದ ಮುಷ್ಟಿ ತನ್ನ ಮೂಗಿಗೇ ಬಡಿಯಿತು. ಮಗು ಬೆಚ್ಚಿತು, ಅತ್ತಿತ್ತ ಕಣ್ಣಾಡಿಸಿತು, ಆಮೇಲೆ ತಾರಕಕ್ಕೇರಿ ಅತ್ತಿತು. ಅಡುಗೆಮನೆಯಿಂದ ಓಡಿಬಂದ ಅಮ್ಮ ಅದರ ಕೈಗೆ ಬಟ್ಟೆಯ ಚೀಲ ಹಾಕಲು ಹೊರಟರು.

“ಬೇಡಮ್ಮ, ತೆಗಿ. ಹೊಡ್ಕೊಳ್ಳಲಿ ಬಿಡು.”

“ಏನೇ ಇದು! ಮಗು ಮೂಗು ಜಜ್ಕೊಳ್ತಿದ್ರೆ ತಮಾಷೆ ನೋಡ್ತಿದೀಯಾ? ನೀನು ದೊಡ್ಡಮ್ಮನೋ ರಾಕ್ಷಸಿಯೋ?”

“ಅಮ್ಮಾ, ಅದಕ್ಕೆ ಇನ್ನೂ ಇದು ತನ್ನ ಕೈ ಅಂತ ಗೊತ್ತಿಲ್ಲ ಕಣಮ್ಮ!”

“ಅದಕ್ಕೆ ಇಷ್ಟು ಖುಷಿ ಪಡೋದೇನಿದೆ?” ಎಂದು ಅಮ್ಮ ಮಗುವನ್ನು ಎತ್ತಿಕೊಂಡು ಒಳಗೆ ಹೋದರು.

ಖುಷಿ ಪಡುವುದು ಬೇಕಾದಷ್ಟಿತ್ತು. ಗುಂಡನೂ ಹೀಗೇ ತನ್ನ ಕೈ ತನ್ನದೆಂದು ತಿಳಿಯದೆ ಬೆಚ್ಚಿದ್ದ, ಏಕೆಂದು ಅವಳಿಗೆ ಈಗ ಹೊಳೆಯಿತು. ಮುಟ್ಟಿದ ಸುದ್ದಿ ತೋಳಿನಿಂದ ಮಿದುಳಿಗೆ ತಲುಪಲು ಮನುಷ್ಯನ ನರದಲ್ಲಿ ಎಷ್ಟು ಹೊತ್ತು ಬೇಕೆಂಬುದನ್ನು ಟೀಚರ್ ಹತ್ತಾರು ಪ್ರಬಂಧ ಜಾಲಾಡಿ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಲೆಕ್ಕ ಹಾಕಿ, ಗುಂಡನ ಮಿದುಳಿನಲ್ಲಿ ಬರೆದಿದ್ದಳು. ಮೇಡಂ ಆ ಸಂಖ್ಯೆಯನ್ನು ನೋಡಿ ಬೆನ್ನು ತಟ್ಟಿದ್ದರು. ಗುಂಡನ ಮೈಯಲ್ಲಿ ನರವೆಲ್ಲಿದೆ? ಇರುವುದು ತಂತಿ. ಅದರಲ್ಲಿ ಸುದ್ದಿ ಎಷ್ಟೋ ಬೇಗ ಬಂದು ಮುಟ್ಟುತ್ತಿತ್ತು. ‘ಗಾಬರಿ ಬೇಡ’ ಎಂಬ ಮುನ್ಸೂಚನೆ ಮಾತ್ರ ಮನುಷ್ಯರ ಹೊತ್ತಿನ ಪ್ರಕಾರ, ಮದುವೆ ಮುಗಿದ ಮೇಲೆ ತಲುಪಿದ ಆಮಂತ್ರಣದಂತೆ ತಡವಾಗಿ ಬರುತ್ತಿತ್ತು. ಕಂಪ್ಯೂಟರಿನೊಳಗಿದ್ದದ್ದು ಮನುಷ್ಯನ ಕೈಯ ಮಾದರಿಯೇ ಆದ್ದರಿಂದ ಅಲ್ಲಿ ತಪ್ಪು ಕಾಣಿಸಿರಲಿಲ್ಲ. ಮಿದುಳನ್ನೂ ಯಂತ್ರವನ್ನೂ ಒಟ್ಟಿಗೆ ಓದುವವರು ಮಾತ್ರ ಮಾಡಬಹುದಾದ ಪೆದ್ದುತನ ಇದು.

ಸಂಖ್ಯೆಯನ್ನು ತಿದ್ದಿದರೆ ಸಾಕಿತ್ತೇನೋ. ಆದರೆ ಟೀಚರ್ ಬೇರೆಯೇ ಯೋಚಿಸಿದಳು. ಮಗು ಬೆಳೆದಂತೆ ಅದರ ಕೈ ಉದ್ದವಾಗುತ್ತದೆ, ನರದ ದಾರಿಯೂ ಉದ್ದವಾಗುತ್ತದೆ. ಅದಕ್ಕೆ ಯಾರೂ ಯಾವ ಸಂಖ್ಯೆಯನ್ನೂ ಬರೆದುಕೊಟ್ಟಿಲ್ಲ. ಮೂಗಿಗೆ ಗುದ್ದಿಕೊಂಡು, ಅತ್ತು, ಮತ್ತೆ ಗುದ್ದಿಕೊಂಡು ಅದು ತಾನೇ ಕಲಿಯುತ್ತದೆ. ಗುಂಡನೂ ಕಲಿಯಲಿ.

ಮೇಡಂ ಮುಖ ಗಂಟಿಕ್ಕಿದರು. “ಆ ಸಂಖ್ಯೆ ತೆಗೆದರೆ ಇದು ಮನುಷ್ಯನ ಮಿದುಳಿನ ಮಾದರಿ ಹೇಗಾಗತ್ತೆ? ನಮ್ಮ ಪ್ರಬಂಧದ ಜೀವಾಳವೇ ಅದು.”

ಇಷ್ಟು ದಿನ ಮೇಡಂ ಹೇಳಿದ್ದಕ್ಕೆ ತಲೆಯಾಡಿಸಿಯೇ ಅಭ್ಯಾಸವಾಗಿದ್ದ ಟೀಚರ್ ಈ ಸಲ ತಲೆಯಾಡಿಸಲಿಲ್ಲ. ಹೇಳಿಯೇಬಿಟ್ಟಳು. “ಮೇಡಂ, ಸಂಖ್ಯೆ ಮಿದುಳಿಗೂ ಗೊತ್ತಿರಲ್ಲ. ಕಲಿಯೋದು ಗೊತ್ತಿರತ್ತೆ. ನಾವು ಉತ್ತರ ಬರೆದುಕೊಟ್ಟು, ಲೆಕ್ಕ ಮಾಡೋದನ್ನ ಕಲಿಸೋದು ಮರೆತಿದ್ವಿ. ಶಾಲೆಯಲ್ಲಿ ನಾನು ಯಾವ ಮಕ್ಕಳಿಗೂ ಹೀಗೆ ಮಾಡಿಲ್ಲ.”

ಮೇಡಂ ಬೋರ್ಡಿನ ಕಡೆ ತಿರುಗಿದರು. ಆಮೇಲೆ ಡಸ್ಟರ್ ತೆಗೆದುಕೊಂಡು ಸಂಖ್ಯೆಯನ್ನು ತಾವೇ ಅಳಿಸಿದರು. “ಕೆಟ್ಟರೆ ಇಬ್ಬರ ಮರ್ಯಾದೆಯೂ ಹೋಗತ್ತೆ, ನೆನಪಿರಲಿ” ಎಂದರು.

ಅಲ್ಲಿಂದ ಗುಂಡನಿಗೆ ಒಂದೇ ಕೆಲಸ. ತನ್ನ ತೋಳನ್ನು ತಾನು ತಟ್ಟುವುದು, ಸವರುವುದು, ಚಿವುಟುವುದು. ಮೊದಮೊದಲು ಪ್ರತಿ ಸಲ ಬೆಚ್ಚಿ ಬಿದ್ದ. ಹೋಗಿ ಬರುವವರೆಲ್ಲ “ಇವನಿಗೇನು ತುರಿಕೆಯಾ?” ಎಂದು ಕೇಳುತ್ತಿದ್ದರು. ಬರಬರುತ್ತ ಬೆಚ್ಚುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಗುಂಡ ತೋಳು ಸವರಿಕೊಂಡು ತೆಪ್ಪಗೆ ಕೂತ. ಟೀಚರ್ ಅದೇ ಜಾಗಕ್ಕೆ ತನ್ನ ಬೆರಳು ತಾಗಿಸಿದಳು. ಗುಂಡನ ತಲೆ ತಿರುಗಿತು, ಎರಡು ಕ್ಯಾಮೆರಾ ಕಣ್ಣುಗಳು ಅವಳ ಮುಖದ ಮೇಲೆ ನಿಂತವು. ಸ್ಕ್ರೂ ಕೂಗಿದ ರಭಸಕ್ಕೆ ಅವನ ಬಾಯಲ್ಲಿದ್ದ ಸ್ಕ್ರೂ ಹಾರಿ ಎಲ್ಲೋ ಬಿತ್ತು.

ಎರಡನೇ ಪರೀಕ್ಷೆಗೆ ಮೂರನೇ ಮಹಡಿಯವರೂ ನೆಲಮಾಳಿಗೆಗೆ ಇಳಿದು ಬಂದರು. ನಗಲೆಂದೇ ಬಂದವರೂ ಇದ್ದರು. ಗುಂಡ ತನ್ನನ್ನು ತಾನು ಮುಟ್ಟಿಕೊಂಡ, ಸುಮ್ಮನಿದ್ದ. ಟೀಚರ್ ಮುಟ್ಟಿದಳು, ತಿರುಗಿ ನೋಡಿದ. ಸ್ಕ್ರೂ ಮುಟ್ಟಿದ, ತಿರುಗಿ ನೋಡಿದ. ಕತ್ತರಿಯವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಅವನ ಬಲಗೈ ಮುಟ್ಟಿದರೆ ಸುಮ್ಮನಿರಬೇಕು ಅಂತ ಕಲಿಸಿರಬಹುದಲ್ಲ?” ಎಂದರು. “ಅಷ್ಟಾದರೆ ಅದು ಬರೀ ಬಾಯಿಪಾಠ. ಮಾಡಿದ್ದು ತಾನು ಅಂತ ಇದಕ್ಕೆ ಗೊತ್ತಿದೆ ಅನ್ನೋಕೆ ಏನು ಆಧಾರ?”

ಉತ್ತರಕ್ಕೆ ಕಾಯದೆ ಅವರು ಎದ್ದು ಬಂದರು. ಗುಂಡನ ಬಲಗೈಯ ಮಣಿಕಟ್ಟನ್ನು ಹಿಡಿದು ಮೇಲೆತ್ತಿದರು. ಅವನದೇ ಕೈಯಿಂದ ಅವನದೇ ತೋಳನ್ನು ಮುಟ್ಟಿಸಲು ಹೊರಟಿದ್ದರು.

ಸ್ಕ್ರೂ ಅವಳ ಹತ್ತಿರ ಸರಿದ. “ಟೀಚರ್, ಇದನ್ನ ನಾವು ಒಂದು ಸಲಾನೂ ಮಾಡಿ ನೋಡಿಲ್ಲ” ಎಂದು ಪಿಸುಗುಟ್ಟಿದ.

ಅವಳಿಗೂ ಅದು ಗೊತ್ತಿತ್ತು. ಕೈ ಗುಂಡನದೇ, ಚರ್ಮ ಗುಂಡನದೇ, ಸಾವಿರಾರು ಸಲ ತಾಗಿ ಪಳಗಿದ ಜಾಗವೂ ಅದೇ. ಇಲ್ಲದ್ದು ಒಂದೇ, ಗುಂಡನ ಆಜ್ಞೆ. ತಾನು ಕಟ್ಟಿದ್ದು ನಿಜವಾದರೆ ಆ ಒಂದು ವ್ಯತ್ಯಾಸ ಸಾಕು. ಇಲ್ಲವಾದರೆ ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿಟ್ಟ ಹೋಮ. ಬೇಡ ಎನ್ನಲು ಈಗಲೂ ಸಮಯವಿತ್ತು. ಅವಳು ಹಾಗೆನ್ನಲಿಲ್ಲ. “ಮುಟ್ಟಿಸಿ ಸರ್” ಎಂದಳು.

ಕತ್ತರಿಯವರು ಗುಂಡನ ಬೆರಳುಗಳನ್ನು ಅವನ ಎಡತೋಳಿಗೆ ಒತ್ತಿದರು.

ಗುಂಡ ಬೆಚ್ಚಿದ. ತಲೆ ಮೊದಲು ತೋಳಿನ ಕಡೆ ಬಾಗಿತು, ಅಲ್ಲಿದ್ದ ತನ್ನ ಕೈಯನ್ನು ನೋಡಿತು. ಆಮೇಲೆ ಮೆಲ್ಲಗೆ ಎದ್ದು, ಆ ಕೈಯನ್ನು ಹಿಡಿದಿದ್ದವರ ಮುಖವನ್ನು ಹುಡುಕಿ, ಅವರ ಕಣ್ಣಿಗೆ ಕಣ್ಣಿಟ್ಟು ನಿಂತಿತು.

ಕತ್ತರಿಯವರು ಬೆಂಕಿ ಮುಟ್ಟಿದವರಂತೆ ಕೈ ಹಿಂದಕ್ಕೆ ಸೆಳೆದುಕೊಂಡರು. “ಅಯ್ಯೋ, ಸಾರಿ” ಎಂದರು.

ಹಿಂದಿನ ಸಾಲಿನವರಿಗೂ ಅದು ಕೇಳಿಸಿತು. ಈ ಸಲ ಯಾರೂ ನಗಲಿಲ್ಲ. ಟೀಚರಳಿಗೆ ಇಡೀ ಕಟ್ಟಡಕ್ಕೆ ಕೇಳುವಂತೆ ಕುಣಿದಾಡಬೇಕು ಎನಿಸಿತು. ಆದರೆ ವರ್ಷಗಟ್ಟಲೆ ತರಗತಿಯಲ್ಲಿ ನಿಂತವಳು. ಒಳ್ಳೆಯ ಪ್ರಶ್ನೆಯನ್ನು ಯಾವಾಗ ಕೇಳಬೇಕೆಂಬುದು ಅವಳಿಗೆ ಗೊತ್ತಿತ್ತು.

“ಸರ್,” ಎಂದಳು, “ಈಗ ನೀವು ಸಾರಿ ಕೇಳಿದ್ದು ಯಾರಿಗೆ?”

ಕತ್ತರಿಯವರು ಅವಳನ್ನು ನೋಡಿದರು, ಗುಂಡನನ್ನು ನೋಡಿದರು, ಇನ್ನೂ ತಮ್ಮನ್ನೇ ನೋಡುತ್ತಿದ್ದ ಆ ಎರಡು ಕಣ್ಣುಗಳನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ಆ ಕಟ್ಟಡದಲ್ಲಿ ಯಾರೂ ಎಂದೂ ಕಂಡಿರದ ನಗೆ ನಕ್ಕರು. “ಕೂತ್ಕೊಳ್ಳಮ್ಮ,” ಎಂದರು, “ನಾನು ಕೇಳೋದು ಇನ್ನೇನೂ ಉಳಿದಿಲ್ಲ.”